ಕುಡಿಕೆ ಹೊನ್ನು ಮತ್ತು ಕಟ್ಟು ಹಾಕಿದ ಕಾಲು

ಕೂತು ಉಣ್ಣುವವನಿಗೆ ಕುಡಿಕೆ ಹೊನ್ನೂ ಸಾಲದು ಎಂಬ ಗಾದೆಯನ್ನು ನಾವು ಸಾಮಾನ್ಯವಾಗಿ ಸೋಮಾರಿಯ ಮೇಲೆ ಪ್ರಯೋಗಿಸುತ್ತೇವೆ. ಪಿತ್ರಾರ್ಜಿತವನ್ನು ಕರಗಿಸಿದ ಮಗನೋ, ದುಡಿಮೆ ಬಿಟ್ಟು ಜಗಲಿ ಹಿಡಿದ ಗಂಡನೋ ಅದಕ್ಕೆ ಗುರಿಯಾಗುತ್ತಾರೆ. ಆದರೆ ಈ ಗಾದೆ ಅಕ್ಷರಶಃ ನಿಜವಾಗುವ ಸಂದರ್ಭವೊಂದಿದೆ. ಅಲ್ಲಿ ಕೂತವನು ಸೋಮಾರಿಯಲ್ಲ. ಅವನನ್ನು ಕೂರಿಸಿದ್ದು ಮುರಿದ ಮೂಳೆ, ಹರಿದ ಲಿಗಮೆಂಟು, ಇಲ್ಲವೇ ಶಸ್ತ್ರಚಿಕಿತ್ಸೆ. ಅಲ್ಲಿ ದಿನದಿನಕ್ಕೂ ಕರಗುವ ಹೊನ್ನು ಅವನ ಸ್ವಂತ ಸ್ನಾಯು. ಕಟ್ಟು ಬಿಚ್ಚಿದ ದಿನ ತನ್ನ ಎರಡು ತೊಡೆಗಳನ್ನು ಅಕ್ಕಪಕ್ಕ ಇಟ್ಟು ನೋಡಿದವರೆಲ್ಲರಿಗೂ ಈ ನಷ್ಟದ ಲೆಕ್ಕ ಕಣ್ಣಿಗೇ ಕಂಡಿರುತ್ತದೆ.

ಲೆಕ್ಕ ಎಂದೆ, ಅದನ್ನು ಅಳೆದವರೂ ಇದ್ದಾರೆ. ನೆದರ್ಲೆಂಡ್ಸಿನ ಮಾಸ್ಟ್ರಿಕ್ಟ್ ವಿಶ್ವವಿದ್ಯಾಲಯದ ಸಂಶೋಧಕರು ಆರೋಗ್ಯವಂತ ತರುಣರ ಒಂದೊಂದು ಕಾಲನ್ನು ಪ್ಲಾಸ್ಟರಿನಲ್ಲಿ ಕಟ್ಟಿ, ಆದ ಬದಲಾವಣೆಯನ್ನು 2014ರಲ್ಲಿ ಪ್ರಕಟಿಸಿದರು. ಕೇವಲ 5 ದಿನಗಳಲ್ಲಿ ತೊಡೆಯ ಮುಂಭಾಗದ ಸ್ನಾಯು ಶೇ. 3.5ರಷ್ಟು ಸೊರಗಿತ್ತು, 14 ದಿನಗಳಲ್ಲಿ ಶೇ. 8ಕ್ಕಿಂತ ಹೆಚ್ಚು. ಬಲದ ನಷ್ಟ ಇನ್ನೂ ತೀವ್ರ: 5 ದಿನಕ್ಕೆ ಶೇ. 9, 14 ದಿನಕ್ಕೆ ಶೇ. 23. ಇದು ಎಳೆಯ ಕಾಲುಗಳ ಕಥೆ. ವಯಸ್ಸಾದವರ ಮೇಲೆ ಅಮೆರಿಕದಲ್ಲಿ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಯಾವ ಕಾಯಿಲೆಯೂ ಇಲ್ಲದ ಹಿರಿಯರು 10 ದಿನ ಹಾಸಿಗೆಯಲ್ಲಿದ್ದಷ್ಟಕ್ಕೇ ಕಾಲುಗಳಿಂದ ಸುಮಾರು ಒಂದು ಕಿಲೋ ಮಾಂಸಖಂಡ ಕಳೆದುಕೊಂಡಿದ್ದರು. ಇವೆಲ್ಲಕ್ಕಿಂತ ಹಳೆಯದು 1966ರ ಡಲ್ಲಾಸ್ ಪ್ರಯೋಗ. ಐವರು ತರುಣರನ್ನು 3 ವಾರ ಹಾಸಿಗೆಯಲ್ಲಿ ಮಲಗಿಸಿ ಅವರ ದೈಹಿಕ ಸಾಮರ್ಥ್ಯವನ್ನು ಅಳೆದರು. 30 ವರ್ಷಗಳ ಬಳಿಕ ಅದೇ ಐವರನ್ನು ಮತ್ತೆ ಹುಡುಕಿ ಅಳೆದಾಗ ಕಂಡದ್ದೇನು? ಆ ಮೂರು ವಾರಗಳ ಮಲಗುವಿಕೆ ಅವರಿಂದ ಕಿತ್ತುಕೊಂಡಷ್ಟನ್ನು ಮೂವತ್ತು ವರ್ಷಗಳ ವಯಸ್ಸು ಕೂಡ ಕಿತ್ತುಕೊಂಡಿರಲಿಲ್ಲ.

ಹೀಗಿರುವಾಗಲೂ ನಮ್ಮ ಮನೆಗಳಲ್ಲಿ, ಕಚೇರಿಗಳಲ್ಲಿ, ಎಷ್ಟೋ ವೈದ್ಯರ ಚೀಟಿಗಳಲ್ಲಿ ಗಾಯಗೊಂಡವನಿಗೆ ಸಿಗುವ ಉಪದೇಶ ಒಂದೇ ಶಬ್ದದ್ದು: ವಿಶ್ರಾಂತಿ. ಈ ಶಬ್ದದ ಮೇಲೆ ನನಗೆ ತಕರಾರಿದೆ. ಗಾಯಗೊಂಡ ಅಂಗಕ್ಕೆ ವಿಶ್ರಾಂತಿ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಒಂದು ಮಂಡಿಗೆ ಪೆಟ್ಟಾದರೆ ಇಡೀ ಮನುಷ್ಯನನ್ನು ಮಂಚಕ್ಕೆ ಒಪ್ಪಿಸುವುದು ಆರೈಕೆಯಲ್ಲ. ಚೇತರಿಕೆ ತಾನಾಗಿ ಬಂದು ಸೇರುವ ವರವೂ ಅಲ್ಲ. ಅದು ದಿನವೂ ಮಾಡಬೇಕಾದ ದುಡಿಮೆ. ಆ ದುಡಿಮೆಗೆ ಬೇಕಾದ ಜಾಗ, ಸಮಯ, ಆಹಾರ ಮತ್ತು ಗೌರವವನ್ನು ನಾವು ಇನ್ನೂ ಕೊಟ್ಟಿಲ್ಲ ಎಂಬುದು ನನ್ನ ವಾದ.

ನಮ್ಮ ಕಲ್ಪನೆಯಲ್ಲಿ ಗಾಯಕ್ಕೆ ಸಂಬಂಧಿಸಿದ ಚಿತ್ರಗಳು ಎರಡೇ. ಮೊದಲನೆಯದು ವೀರನದು. 2002ರ ಮೇ ತಿಂಗಳಲ್ಲಿ ಆಂಟಿಗುವಾದಲ್ಲಿ ನಮ್ಮ ಅನಿಲ್ ಕುಂಬ್ಳೆ ಮುರಿದ ದವಡೆಗೆ ಬ್ಯಾಂಡೇಜು ಸುತ್ತಿಕೊಂಡು ಸತತ 14 ಓವರು ಎಸೆದು ಬ್ರಯಾನ್ ಲಾರಾರನ್ನು ಔಟು ಮಾಡಿದ ದೃಶ್ಯ ಕನ್ನಡಿಗರಾದ ನಮ್ಮೆಲ್ಲರ ಮನಸ್ಸಿನಲ್ಲಿದೆ. ಎರಡನೆಯದು ರೋಗಿಯದು: ಮಂಚ, ದಿಂಬಿನ ಮೇಲೇರಿಸಿದ ಕಾಲು, ಪಕ್ಕದಲ್ಲಿ ಕಿತ್ತಳೆ ಹಣ್ಣು, ನೋಡಲು ಬಂದ ನೆಂಟರು. ಈ ಎರಡರ ನಡುವೆ ಮೂರನೆಯ ಚಿತ್ರವೊಂದಿದೆ. ಅದರಲ್ಲಿ ನಾಟಕೀಯವಾದದ್ದು ಏನೂ ಇಲ್ಲದಿರುವುದರಿಂದ ನಮ್ಮ ಕಣ್ಣಿಗೆ ಬೀಳುವುದಿಲ್ಲ. ಕುಂಬ್ಳೆಯವರೂ ಆ ಟೆಸ್ಟಿನ ನಡುವೆಯೇ ಶಸ್ತ್ರಚಿಕಿತ್ಸೆಗೆಂದು ಬೆಂಗಳೂರಿಗೆ ಮರಳಿದರು. ಅಲ್ಲಿಂದ ಮುಂದಿನ ದಿನಗಳು ಯಾರ ಕ್ಯಾಮರಾಕ್ಕೂ ಬೇಕಾಗಲಿಲ್ಲ.

ಆ ಮೂರನೆಯ ಚಿತ್ರವನ್ನು ಇತ್ತೀಚೆಗೆ ದೇಶಕ್ಕೆ ತೋರಿಸಿದವರು ರಿಷಭ್ ಪಂತ್. 2022ರ ಡಿಸೆಂಬರ್ 30ರಂದು ರೂರ್ಕಿಯ ಬಳಿ ಕಾರು ಅಪಘಾತಕ್ಕೆ ಸಿಕ್ಕ ಅವರನ್ನು ಕೆಲವೇ ದಿನಗಳಲ್ಲಿ ವಿಮಾನದಲ್ಲಿ ಮುಂಬಯಿಗೆ ಕರೆತಂದು, ಅಂಧೇರಿಯ ಕೋಕಿಲಾಬೆನ್ ಆಸ್ಪತ್ರೆಯಲ್ಲಿ ಮಂಡಿಯ ಲಿಗಮೆಂಟುಗಳ ಶಸ್ತ್ರಚಿಕಿತ್ಸೆ ಮಾಡಲಾಯಿತು. ಊರುಗೋಲಿನ ಹೆಜ್ಜೆ, ಈಜುಕೊಳದ ನೀರಿನಲ್ಲಿ ಕೋಲು ಹಿಡಿದ ನಡಿಗೆ, ಬಳಿಕ ಬೆಂಗಳೂರಿನ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿಯಲ್ಲಿ ತಿಂಗಳುಗಟ್ಟಲೆ ಅಭ್ಯಾಸ. ಅವರು ಮತ್ತೆ ಸ್ಪರ್ಧೆಗೆ ಇಳಿದದ್ದು 2024ರ ಮಾರ್ಚಿನಲ್ಲಿ. ಮಂಗಳೂರಿನಲ್ಲಿ ಬೆಳೆದ ಕೆ.ಎಲ್. ರಾಹುಲ್ 2023ರ ಮೇ 1ರಂದು ಲಖನೌದಲ್ಲಿ ಫೀಲ್ಡಿಂಗ್ ಮಾಡುವಾಗ ತೊಡೆಗೆ ಪೆಟ್ಟು ಮಾಡಿಕೊಂಡರು. ಶಸ್ತ್ರಚಿಕಿತ್ಸೆ ಮತ್ತು ಪುನಶ್ಚೇತನ ಮುಗಿಸಿ ಸೆಪ್ಟೆಂಬರ್ 11ರಂದು ಕೊಲಂಬೋದಲ್ಲಿ ಪಾಕಿಸ್ತಾನದ ವಿರುದ್ಧ ಅಜೇಯ 111 ರನ್ ಹೊಡೆದರು. ಇವರಿಗೆ ಶ್ರೀಮಂತಿಕೆಯಿತ್ತು, ತಜ್ಞರ ಪಡೆಯಿತ್ತು ಎಂಬುದು ನಿಜ. ಆದರೆ ಅವರ ಚೇತರಿಕೆಯ ಮೂಲಸೂತ್ರಕ್ಕೆ ಹಣ ಬೇಕಿಲ್ಲ. ಗಾಯಕ್ಕೆ ಮೀಸಲಾದ ಸಮಯವನ್ನು ಅವರು ಖಾಲಿ ಸಮಯವೆಂದು ಎಣಿಸಲಿಲ್ಲ. ಅದು ಅವರ ಪಾಲಿಗೆ ಕೆಲಸದ ಅವಧಿಯಾಗಿತ್ತು.

ಈ ವಿಷಯದಲ್ಲಿ ನಾವು ಬದುಕುತ್ತಿರುವ ನಗರದ ಪಾತ್ರವನ್ನು ನೆನೆದರೆ ವಿಸ್ಮಯವಾಗುತ್ತದೆ. ಭಾರತದಲ್ಲಿ ಪುನಶ್ಚೇತನ ವಿದ್ಯೆಯ ತವರು ಮುಂಬಯಿಯೇ. ಅಮೆರಿಕದಲ್ಲಿ ಹುಟ್ಟಿ ಇಲ್ಲಿನ ಸೊಸೆಯಾಗಿ ಬಂದ ಕಮಲಾ ನಿಂಬ್ಕರ್ 1950ರಲ್ಲಿ ಪರೇಲಿನ ಕೆ.ಇ.ಎಂ. ಆಸ್ಪತ್ರೆಯಲ್ಲಿ ದೇಶದ ಮೊದಲ ಆಕ್ಯುಪೇಶನಲ್ ಥೆರಪಿ ಶಾಲೆಯನ್ನು ಆರಂಭಿಸಿದರು. 1952ರಲ್ಲಿ ಅದೇ ಆಸ್ಪತ್ರೆಯಲ್ಲಿ ದೇಶದ ಮೊದಲ ಫಿಸಿಯೋಥೆರಪಿ ಶಾಲೆ ತೆರೆಯಿತು. 1955ರಲ್ಲಿ ಹಾಜಿ ಅಲಿಯ ಬಳಿ ಕೇಂದ್ರ ಸರಕಾರದ ಅಖಿಲ ಭಾರತ ಭೌತಿಕ ವೈದ್ಯ ಮತ್ತು ಪುನರ್ವಸತಿ ಸಂಸ್ಥೆ ತಲೆಯೆತ್ತಿತು. ಇಷ್ಟೆಲ್ಲ ಇದ್ದೂ ನಮ್ಮಲ್ಲಿ ಹೆಚ್ಚಿನವರಿಗೆ ಫಿಸಿಯೋಥೆರಪಿ ಎಂದರೆ ಶಾಖ ಕೊಡುವ ಒಂದು ಯಂತ್ರ. ಹತ್ತು ದಿನ ಹೋಗಿ, ನೋವು ಕಡಿಮೆಯಾದ ಕೂಡಲೇ ಬಿಟ್ಟುಬಿಡುವ ಒಂದು ಔಪಚಾರಿಕತೆ. ನೋವು ಹೋಗುವುದು ಬೇರೆ, ಬಲ ಬರುವುದು ಬೇರೆ ಎಂಬ ವಿವೇಕವೇ ಮೂಡಿಲ್ಲ. ನೋವು ನಿಂತ ಮೇಲೆಯೇ ನಿಜವಾದ ಕೆಲಸ ಶುರುವಾಗಬೇಕು.

ವೈದ್ಯಲೋಕವೂ ಈ ವಿವೇಕಕ್ಕೆ ತಡವಾಗಿಯೇ ಬಂತು. 1947ರಲ್ಲಿ ಬ್ರಿಟನ್ನಿನ ವೈದ್ಯ ರಿಚರ್ಡ್ ಆಶರ್ ಹಾಸಿಗೆ ಹಿಡಿಸುವುದರ ಅಪಾಯಗಳ ಬಗ್ಗೆ ಒಂದು ಲೇಖನ ಬರೆದರು. ರಕ್ತ ಹೆಪ್ಪುಗಟ್ಟುವುದರಿಂದ ಹಿಡಿದು ಮನಸ್ಸು ಕುಗ್ಗುವವರೆಗೆ ಅಂಗಾಂಗಗಳ ಪಟ್ಟಿಯನ್ನೇ ಕೊಟ್ಟ ಆ ಬರಹ ವ್ಯಂಗ್ಯದ ಮೊನಚಿಗಾಗಿಯೂ ಓದಲು ಯೋಗ್ಯ. ವಿಶ್ರಾಂತಿ, ಮಂಜುಗಡ್ಡೆ, ಬಿಗಿಕಟ್ಟು, ಎತ್ತರದಲ್ಲಿ ಇಡುವುದು ಎಂಬ ನಾಲ್ಕು ಸೂತ್ರಗಳನ್ನು 1978ರಲ್ಲಿ ಜನಪ್ರಿಯಗೊಳಿಸಿದ ಅಮೆರಿಕದ ವೈದ್ಯ ಗೇಬ್ ಮಿರ್ಕಿನ್, ಪೂರ್ಣ ವಿಶ್ರಾಂತಿ ಮತ್ತು ಮಂಜುಗಡ್ಡೆ ಎರಡೂ ಗುಣವಾಗುವುದನ್ನು ತಡಮಾಡಬಹುದು ಎಂದು ಮುಂದೆ ತಾವೇ ಬರೆದರು. ಇಂದು ಕ್ರೀಡಾವೈದ್ಯರು ಮೊದಲ ಒಂದೆರಡು ದಿನಗಳ ರಕ್ಷಣೆಯ ಬಳಿಕ ಹಂತಹಂತವಾಗಿ ಭಾರ ಹಾಕುವುದನ್ನೇ ಚಿಕಿತ್ಸೆಯ ಕೇಂದ್ರವಾಗಿ ಕಾಣುತ್ತಾರೆ. ಮುರಿತ ಮತ್ತು ಶಸ್ತ್ರಚಿಕಿತ್ಸೆಗಳಲ್ಲಿ ಯಾವಾಗ, ಎಷ್ಟು ಭಾರ ಎಂಬುದು ಶಸ್ತ್ರಚಿಕಿತ್ಸಕರ ತೀರ್ಮಾನ. ಆದರೆ ಆ ಪ್ರಶ್ನೆಯನ್ನು ಅವರಲ್ಲಿ ಕೇಳಬೇಕಾದವರು ನಾವು.

ನಾವು ಏಕೆ ಕೇಳುವುದಿಲ್ಲ? ನಮ್ಮ ಆರೈಕೆಯ ಭಾಷೆ ಅದಕ್ಕೆ ಅವಕಾಶ ಕೊಡುವುದಿಲ್ಲ ಎಂದು ನನಗೆ ತೋರುತ್ತದೆ. ನಮ್ಮಲ್ಲಿ ಪ್ರೀತಿಯನ್ನು ವ್ಯಕ್ತಪಡಿಸುವ ಕ್ರಮವೇ “ನೀನು ಏಳಬೇಡ, ನಾನು ತಂದುಕೊಡುತ್ತೇನೆ” ಎನ್ನುವುದು. ನೀರಿನ ಲೋಟಕ್ಕೆ ಎದ್ದರೆ ತಾಯಿ ಗದರುತ್ತಾಳೆ, ಸ್ನಾನಕ್ಕೆ ಎದ್ದರೆ ಹೆಂಡತಿ ಓಡಿಬರುತ್ತಾಳೆ. ಎದ್ದು ನಡೆಯಲು ಒತ್ತಾಯಿಸುವ ಸೊಸೆ ಕಠೋರಳೆನಿಸುತ್ತಾಳೆ. ಸೊಂಟದ ಮೂಳೆ ಮುರಿದ ಎಷ್ಟು ಅಜ್ಜಿಯರು ಇಂಥ ಪ್ರೀತಿಯ ಮಡಿಲಲ್ಲೇ ಶಾಶ್ವತವಾಗಿ ನಡಿಗೆ ಮರೆತಿಲ್ಲ! ಇದರ ಇನ್ನೊಂದು ಮುಖವೂ ಇದೆ. ಮನೆಯಲ್ಲಿ ಗಾಯಗೊಂಡವಳು ಗೃಹಿಣಿಯಾದರೆ ಅವಳಿಗೆ ಈ ವಿಶ್ರಾಂತಿಯೂ ಇಲ್ಲ. ಕೈಗೆ ಕಟ್ಟು ಹಾಕಿಕೊಂಡೇ ಅವಳು ಒಂದೇ ಕೈಯಲ್ಲಿ ಕುಕ್ಕರು ಏರಿಸುತ್ತಾಳೆ. ಬೇಕಾದ ಅಭ್ಯಾಸಕ್ಕೆ ಸಮಯವಿಲ್ಲ, ಬೇಡವಾದ ಭಾರಕ್ಕೆ ಬಿಡುವಿಲ್ಲ.

ಆಹಾರದಲ್ಲಂತೂ ನಾವು ಗಾಯಾಳುವಿನ ವಿರುದ್ಧವೇ ಪಕ್ಷ ವಹಿಸಿದ್ದೇವೆ. ನಂಜು ಎಂಬ ಕಲ್ಪನೆ ಹಳೆಯ ಮೈಸೂರಿನಿಂದ ಕರಾವಳಿಯವರೆಗೆ ಹಬ್ಬಿದೆ. ಗಾಯ ಕೀವಾದೀತೆಂದು ಮೀನು ಬೇಡ, ಮೊಟ್ಟೆ ಬೇಡ. ಉಷ್ಣವೆಂದು ಹುರುಳಿ ಬೇಡ. ವಾಯುವೆಂದು ಕಡಲೆ ಬೇಡ. ಉಳಿಯುವುದು ಗಂಜಿ ಮತ್ತು ತಿಳಿಸಾರು. ಸ್ನಾಯು ಉಳಿಸಿಕೊಳ್ಳಲು ಪ್ರೋಟೀನು ಅತ್ಯಗತ್ಯವಾದ ಗಳಿಗೆಯಲ್ಲೇ ಅದನ್ನು ತಟ್ಟೆಯಿಂದ ತೆಗೆದುಹಾಕುವ ಪಥ್ಯವಿದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸಿನಂತೆ ಆರೋಗ್ಯವಂತರಿಗೇ ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 0.83 ಗ್ರಾಂ ಪ್ರೋಟೀನು ಬೇಕು. ಅಂದರೆ 60 ಕಿಲೋ ತೂಕದವರಿಗೆ 50 ಗ್ರಾಂ. ಚೇತರಿಕೆಯ ಕಾಲದಲ್ಲಿ ಕಿಲೋಗೆ 1.2ರಿಂದ 1.5 ಗ್ರಾಂವರೆಗೆ ಬೇಕೆಂದು ಪೋಷಣತಜ್ಞರು ಸಾಮಾನ್ಯವಾಗಿ ಹೇಳುತ್ತಾರೆ. ಎಂದರೆ 72ರಿಂದ 90 ಗ್ರಾಂ. ಇದಕ್ಕೆ ದುಬಾರಿ ಡಬ್ಬಿಯ ಪುಡಿಗಳೇ ಆಗಬೇಕೆಂದಿಲ್ಲ. ಎರಡು ಮೊಟ್ಟೆಯಲ್ಲಿ 12 ಗ್ರಾಂ, ಕಾಲು ಲೀಟರು ಹಾಲಿನಲ್ಲಿ ಸುಮಾರು 8, ಐವತ್ತು ಗ್ರಾಂ ಹುರುಳಿಯಲ್ಲಿ 11, ಒಂದು ಹಿಡಿ ನೆಲಗಡಲೆಯಲ್ಲಿ 7, ನೂರು ಗ್ರಾಂ ಬಂಗುಡೆಯಲ್ಲಿ ಸುಮಾರು 19 ಗ್ರಾಂ ಇರುತ್ತದೆ. ಮೂತ್ರಪಿಂಡದ ತೊಂದರೆ ಇರುವವರು ವೈದ್ಯರನ್ನು ಕೇಳಿಯೇ ಮುಂದುವರಿಯಬೇಕು. ಉಳಿದವರು ನಂಜಿನ ಭಯವನ್ನು ಬಿಟ್ಟು ಹುರುಳಿ ಸಾರಿನ ತಳದ ಗಟ್ಟಿಯನ್ನೂ ತಿನ್ನಲಿ. ತಿಳಿಯನ್ನಷ್ಟೇ ಬಸಿದು ಕೊಡುವುದು ಸಾಕು ಮಾಡೋಣ.

ಮುಂಬಯಿ ಕನ್ನಡಿಗರಿಗೆ ವಿಶಿಷ್ಟವಾದ ಒಂದು ಪರಿಪಾಠವಿದೆ. ಅದರ ಬಗ್ಗೆ ನಾವು ಮಾತಾಡಿದ್ದು ಕಡಿಮೆ. ಹೋಟೆಲಿನ ಅಡುಗೆಮನೆಯಲ್ಲಿ ಜಾರಿಬಿದ್ದು ಕಾಲು ಮುರಿದುಕೊಂಡ ಹುಡುಗನಿಗೆ, ಕಟ್ಟು ಹಾಕಿಸಿದ ಬಳಿಕ, “ಊರಿಗೆ ಹೋಗಿ ಎರಡು ತಿಂಗಳು ಆರಾಮ ಮಾಡಿ ಬಾ” ಎನ್ನಲಾಗುತ್ತದೆ. ಮತ್ಸ್ಯಗಂಧಾ ರೈಲಿನಲ್ಲಿ ಅವನನ್ನು ಕೂರಿಸಲಾಗುತ್ತದೆ. ಇದರ ಹಿಂದೆ ದಯೆಯಿದೆ. ಈ ನಗರದ ಕೋಣೆಯಲ್ಲಿ ಹತ್ತು ಜನರ ನಡುವೆ ಮಲಗುವ ಹುಡುಗನಿಗೆ ಬೇರೆ ಗತಿಯೂ ಇಲ್ಲ. ಆದರೆ ಕಟ್ಟು ಬಿಚ್ಚಿದ ನಂತರದ ಅಭ್ಯಾಸ ಹೇಳಿಕೊಡುವವರು ಅವನ ಊರಿನಿಂದ ಮೂವತ್ತು ಕಿಲೋಮೀಟರು ದೂರದಲ್ಲಿರುತ್ತಾರೆ. ಎರಡು ತಿಂಗಳು ಚಾವಡಿಯಲ್ಲಿ ಕೂತು ಮರಳಿದವನಿಗೆ ಮೂಳೆ ಕೂಡಿರುತ್ತದೆ, ಕಾಲು ಸೊರಗಿರುತ್ತದೆ. ಅದೇ ಕಾಲಿನಲ್ಲಿ ಅವನು ದಿನಕ್ಕೆ ಹನ್ನೆರಡು ತಾಸು ನಿಲ್ಲಬೇಕು. ಮುಂದಿನ ಜಾರುವಿಕೆಗೆ ಅವನು ಹೆಚ್ಚು ಹತ್ತಿರವಾಗಿರುತ್ತಾನೆ. ಅವನಿಗೆ ಮೂಳೆ ಕೂಡಿಸುವ ಖರ್ಚು ಕೊಟ್ಟ ಧಣಿ, ಕಾಲು ಕಟ್ಟುವ ಖರ್ಚನ್ನೂ ಅದರ ಭಾಗವೆಂದೇ ತಿಳಿಯಬೇಕು.

ಹಾಗಾದರೆ ಕಟ್ಟು ಹಾಕಿದ ಅವಧಿಯಲ್ಲಿ ಮಾಡಬಹುದಾದದ್ದು ಏನು? ಬಹಳ ಇದೆ. ಮಂಡಿ ಬಗ್ಗಿಸಲಾಗದಿದ್ದರೂ ತೊಡೆಯ ಸ್ನಾಯುವನ್ನು ಬಿಗಿಹಿಡಿದು ಐದೆಣಿಸಿ ಬಿಡಬಹುದು. ಪಾದ ಮುಕ್ತವಾಗಿದ್ದರೆ ಗಂಟೆಗೊಮ್ಮೆ ಮೇಲೆ ಕೆಳಗೆ ಆಡಿಸಬಹುದು. ಇದರಿಂದ ಮೀನಖಂಡದಲ್ಲಿ ರಕ್ತ ನಿಲ್ಲುವುದಿಲ್ಲ. ಕುರ್ಚಿಯಲ್ಲಿ ಕೂತು ನೀರು ತುಂಬಿದ ಬಾಟಲಿಗಳನ್ನು ಎತ್ತಿ ತೋಳು, ಭುಜಗಳನ್ನು ದುಡಿಸಬಹುದು. ಗಾಯವಾಗದ ಕಾಲಿಗಂತೂ ಪೂರ್ಣ ವ್ಯಾಯಾಮ ಕೊಡಬಹುದು. ಇದರಲ್ಲಿ ಒಂದು ಸೋಜಿಗವಿದೆ. 1894ರಲ್ಲೇ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ, ಒಂದು ಕೈಯ ಹಿಡಿತವನ್ನು ದಿನವೂ ಅಭ್ಯಾಸ ಮಾಡಿಸಿದಾಗ ಅಭ್ಯಾಸವಿಲ್ಲದ ಇನ್ನೊಂದು ಕೈಯೂ ಬಲಗೊಂಡದ್ದನ್ನು ಗುರುತಿಸಿದ್ದರು. ಈ ಲಾಭ ದೊಡ್ಡದಲ್ಲ, ಆದರೆ ನಿಜ. ಅದು ಸ್ನಾಯುವಿಗಿಂತ ಹೆಚ್ಚಾಗಿ ನರಮಂಡಲದ ಕೊಡುಗೆ. ಇನ್ನೂ ಸೋಜಿಗದ್ದು 2014ರಲ್ಲಿ ಒಹಾಯೋ ವಿಶ್ವವಿದ್ಯಾಲಯದವರು ಪ್ರಕಟಿಸಿದ ಪ್ರಯೋಗ. 4 ವಾರ ಮಣಿಕಟ್ಟಿಗೆ ಪ್ಲಾಸ್ಟರ್ ಹಾಕಿಸಿಕೊಂಡವರಲ್ಲಿ ಒಂದು ಗುಂಪು ವಾರಕ್ಕೆ 5 ದಿನ ತಮ್ಮ ಮಣಿಕಟ್ಟನ್ನು ಬಲವಾಗಿ ಬಗ್ಗಿಸುತ್ತಿರುವಂತೆ ಮನಸ್ಸಿನಲ್ಲೇ ಕಲ್ಪಿಸಿಕೊಂಡಿತು. ಕಲ್ಪಿಸದವರು ಶೇ. 45ರಷ್ಟು ಬಲ ಕಳೆದುಕೊಂಡರೆ, ಕಲ್ಪಿಸಿದವರು ಕಳೆದುಕೊಂಡದ್ದು ಶೇ. 24. ಕಲ್ಪನೆಯನ್ನೇ ನೆಚ್ಚಿಕೊಂಡ ಸಾಹಿತ್ಯಾಸಕ್ತರಾದ ನಮಗೆ ಇದಕ್ಕಿಂತ ಸಂತೋಷದ ಸುದ್ದಿ ಇನ್ನೇನು ಬೇಕು?

ಸಾಹಿತ್ಯದ ಮಾತು ಬಂದದ್ದರಿಂದ ಒಂದು ಉಪಕಥೆ. ಕಾಯಿಲೆ ಇಷ್ಟು ಸಾರ್ವತ್ರಿಕವಾಗಿದ್ದರೂ ಸಾಹಿತ್ಯದ ಪ್ರಧಾನ ವಸ್ತುಗಳಲ್ಲಿ ಅದಕ್ಕೆ ಏಕೆ ಸ್ಥಾನವಿಲ್ಲ ಎಂದು ವರ್ಜೀನಿಯಾ ವುಲ್ಫ್ 1926ರ ಪ್ರಬಂಧವೊಂದರಲ್ಲಿ ಅಚ್ಚರಿಪಟ್ಟಿದ್ದರು. ಕಾಯಿಲೆಗಾದರೂ ಬಳಿಕ ಜಾಗ ಸಿಕ್ಕಿತು. ಚೇತರಿಕೆಗೆ ಇನ್ನೂ ಸಿಕ್ಕಿಲ್ಲ. ನಮ್ಮ ಕಥೆಗಳಲ್ಲಿ ಪೆಟ್ಟು ಬಿದ್ದವನು ಒಂದೋ ಸಾಯುತ್ತಾನೆ, ಇಲ್ಲವೇ “ಕೆಲವು ತಿಂಗಳ ನಂತರ” ಎಂಬ ಮೂರು ಶಬ್ದಗಳಲ್ಲಿ ಎದ್ದು ನಿಲ್ಲುತ್ತಾನೆ. ಆ ಕೆಲವು ತಿಂಗಳಲ್ಲಿ ಏನಾಯಿತೆಂದು ಬರೆಯಲು ಬೇಕಾದ ತಾಳ್ಮೆಯನ್ನೂ ಬದುಕಲು ಬೇಕಾದ ತಾಳ್ಮೆಯನ್ನೂ ನಾವು ಒಟ್ಟಿಗೇ ಕಳೆದುಕೊಂಡಂತಿದೆ. ದೇಹಸಾಧನೆ ಸಾಹಿತ್ಯಕ್ಕೆ ಹೊರಗಿನದೆಂದು ಭಾವಿಸುವವರು ಕೆ.ವಿ. ಅಯ್ಯರ್ ಅವರನ್ನು ನೆನೆಯಬೇಕು. ‘ಶಾಂತಲಾ’, ‘ರೂಪದರ್ಶಿ’ ಕಾದಂಬರಿಗಳನ್ನು ಬರೆದ ಕೈಯೇ ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ಕಟ್ಟಿತು. 1930ರಲ್ಲಿ ಸ್ನಾಯುಸಾಧನೆಯ ಕುರಿತು ಇಂಗ್ಲಿಷಿನಲ್ಲಿ ಪುಸ್ತಕ ಬರೆಯಿತು. ಅಂಚೆಯ ಮೂಲಕ ದೂರದ ಶಿಷ್ಯರಿಗೂ ಅಂಗಸಾಧನೆಯ ಪಾಠ ಕಳಿಸಿತು. ಕನ್ನಡದ ಒಂದೇ ಮನೆಯಲ್ಲಿ ಗರಡಿಯೂ ಗ್ರಂಥವೂ ಜೊತೆಗಿದ್ದವು. ನಡುವೆ ಗೋಡೆ ಎಬ್ಬಿಸಿದವರು ನಾವು.

ಈಗ ಕಚೇರಿಯ ವಿಚಾರ. ಕೇಂದ್ರ ಸರಕಾರಿ ನೌಕರರಿಗೆ ಅನ್ವಯಿಸುವ 1972ರ ರಜಾ ನಿಯಮಗಳು ಉದಾರವಾಗಿಯೇ ಇವೆ. ವರ್ಷಕ್ಕೆ 20 ದಿನಗಳ ಅರ್ಧವೇತನ ರಜೆ ಸೇರುತ್ತಾ ಹೋಗುತ್ತದೆ, ವೈದ್ಯಕೀಯ ಪ್ರಮಾಣಪತ್ರದ ಮೇಲೆ ಅದನ್ನು ಪೂರ್ಣವೇತನದ ರಜೆಯಾಗಿ ಪರಿವರ್ತಿಸಿಕೊಳ್ಳಬಹುದು. ಆದರೆ ಈ ವ್ಯವಸ್ಥೆಗೆ ಗೊತ್ತಿರುವುದು ಎರಡು ಕಾಗದಗಳು ಮಾತ್ರ. ಆರೋಗ್ಯ ಮರಳಲು ಗೈರುಹಾಜರಿ ಅತ್ಯಗತ್ಯ ಎನ್ನುವ ಕಾಗದ ಒಂದು. ಕೆಲಸಕ್ಕೆ ಯೋಗ್ಯನಾಗಿದ್ದಾನೆ ಎನ್ನುವ ಕಾಗದ ಇನ್ನೊಂದು. ಒಂದು ಸೋಮವಾರದವರೆಗೆ ನೌಕರ ಸಂಪೂರ್ಣ ಅಯೋಗ್ಯ, ಮಂಗಳವಾರದಿಂದ ಸಂಪೂರ್ಣ ಯೋಗ್ಯ. ದೇಹ ಹೀಗೆ ವರ್ತಿಸುವುದಿಲ್ಲ. ಬ್ರಿಟನ್ನಿನಲ್ಲಿ 2010ರ ಏಪ್ರಿಲಿನಿಂದ ವೈದ್ಯರ ಚೀಟಿಯ ಸ್ವರೂಪವೇ ಬದಲಾಗಿದೆ. ಕಡಿಮೆ ತಾಸು, ಹಂತಹಂತದ ಮರಳುವಿಕೆ, ಬದಲಿಸಿದ ಕೆಲಸ, ಬದಲಿಸಿದ ಆಸನ ಇಂಥ ಏರ್ಪಾಡುಗಳಿದ್ದರೆ ಕೆಲಸಕ್ಕೆ ಬರಬಹುದು ಎಂದು ವೈದ್ಯರು ಅದರಲ್ಲಿ ನಮೂದಿಸಬಹುದು. ಇಂಥ ಮೂರನೆಯ ಕಾಗದವೊಂದು ನಮಗೂ ಬೇಕು. ವಾರಕ್ಕೆ ಮೂರು ದಿನ ಬಂದು, ಗಂಟೆಗೊಮ್ಮೆ ಎದ್ದು ನಡೆದು, ಮಧ್ಯಾಹ್ನದ ಖಾಲಿ ರೈಲಿನಲ್ಲಿ ಮರಳುವ ಅವಕಾಶ ಸಿಕ್ಕರೆ ನೌಕರನೂ ಬೇಗ ಚೇತರಿಸಿಕೊಳ್ಳುತ್ತಾನೆ, ಕಡತವೂ ಕಾಯುವುದಿಲ್ಲ.

ರೈಲಿನ ಮಾತು ಮುಂಬಯಿಯಲ್ಲಿ ಸಣ್ಣದಲ್ಲ. ಈ ನಗರದಲ್ಲಿ ಯಾವುದೇ ಪುನಶ್ಚೇತನದ ಕೊನೆಯ ಪರೀಕ್ಷೆ ನಡೆಯುವುದು ಪಾದಚಾರಿ ಸೇತುವೆಯ ಮೆಟ್ಟಿಲ ಮೇಲೆ. 2017ರ ಸೆಪ್ಟೆಂಬರ್ 29ರಂದು ಎಲ್ಫಿನ್‌ಸ್ಟನ್ ರೋಡ್ ನಿಲ್ದಾಣದ ಸೇತುವೆಯಲ್ಲಿ ನೂಕುನುಗ್ಗಲಿಗೆ 23 ಜನ ಬಲಿಯಾದ ಬಳಿಕ ಸೇತುವೆಗಳು ಅಗಲವಾಗಿವೆ, ಲಿಫ್ಟುಗಳು, ಎಸ್ಕಲೇಟರುಗಳು ಹೆಚ್ಚಿವೆ. ಆದರೂ ಬೆಳಗಿನ ಒಂಬತ್ತು ಗಂಟೆಯ ಮೆಟ್ಟಿಲು ಕುಂಟುವವನಿಗಾಗಿ ನಿಲ್ಲುವುದಿಲ್ಲ. ಇಲ್ಲಿ ಎರಡು ಸಣ್ಣ ಪಾಠಗಳು ದೊಡ್ಡ ಉಪಕಾರ ಮಾಡುತ್ತವೆ. ಮೆಟ್ಟಿಲು ಏರುವಾಗ ಒಳ್ಳೆಯ ಕಾಲು ಮುಂದೆ, ಇಳಿಯುವಾಗ ನೋವಿನ ಕಾಲು ಮುಂದೆ. ಊರುಗೋಲು ಒಂದೇ ಇದ್ದರೆ ಅದು ನೋವಿನ ಕಾಲಿನ ಎದುರು ಬದಿಯ ಕೈಯಲ್ಲಿರಬೇಕು. ಹೆಚ್ಚಿನವರು ನೋವಿನ ಕಡೆಯ ಕೈಯಲ್ಲೇ ಹಿಡಿದು ಇನ್ನಷ್ಟು ವಾಲುತ್ತಾರೆ.

ಇಷ್ಟೆಲ್ಲ ಹೇಳಿದ ಮೇಲೆ ಏಳಬಹುದಾದ ಆಕ್ಷೇಪಗಳಿಗೆ ಉತ್ತರಿಸಬೇಕು. ದಿನವಿಡೀ ದುಡಿಯುವ ಬಡವನಿಗೆ ವಿಶ್ರಾಂತಿಯೇ ದುರ್ಲಭವಾದದ್ದು, ಅದನ್ನೂ ಕಸಿದುಕೊಳ್ಳುತ್ತೀರಾ ಎಂದು ಯಾರಾದರೂ ಕೇಳಿದರೆ ಆ ಪ್ರಶ್ನೆ ನ್ಯಾಯವಾದದ್ದೇ. ಆದರೆ ದುಡಿಮೆ ಬೇರೆ, ಅಭ್ಯಾಸ ಬೇರೆ. ಅಭ್ಯಾಸಕ್ಕೆ ಅಳತೆಯಿದೆ. ಇಂದು ಹತ್ತು ಸಲ, ಮುಂದಿನ ವಾರ ಹದಿನೈದು ಸಲ. ಮರುದಿನ ಬೆಳಿಗ್ಗೆಯೂ ನೋವು, ಊತ ಇಳಿಯದಿದ್ದರೆ ಒಂದು ಹೆಜ್ಜೆ ಹಿಂದಕ್ಕೆ. ಮೂಟೆ ಹೊರುವವನ ಮೂಟೆಗೆ ಇಂಥ ದಯೆಯಿಲ್ಲ. ಆದ್ದರಿಂದ ರಜೆಯನ್ನು ಕಡಿಮೆ ಮಾಡಿ ಎಂದು ನಾನು ಹೇಳುತ್ತಿಲ್ಲ. ರಜೆಯೊಳಗೆ ಅಭ್ಯಾಸಕ್ಕೂ ಜಾಗ ಕೊಡಿ ಎನ್ನುತ್ತಿದ್ದೇನೆ. ಮೀನಖಂಡದಲ್ಲಿ ದಿಢೀರ್ ನೋವು ಮತ್ತು ಊತ, ಜ್ವರ, ಉಸಿರುಗಟ್ಟುವಿಕೆ ಕಂಡರೆ ಎಲ್ಲ ಅಭ್ಯಾಸವನ್ನೂ ನಿಲ್ಲಿಸಿ ಆಸ್ಪತ್ರೆಗೆ ಓಡಬೇಕೆಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ.

ಇನ್ನೊಂದು ಆಕ್ಷೇಪ ನಡುವಯಸ್ಸಿನವರದು: ನಲವತ್ತೈದರಲ್ಲಿ ನಮಗೆ ಸ್ನಾಯು ಏಕೆ, ನಾವೇನು ಕುಸ್ತಿಗೆ ಹೋಗಬೇಕೇ? ಮೂವತ್ತು ದಾಟಿದ ಮೇಲೆ ದಶಕಕ್ಕೆ ಶೇ. 3ರಿಂದ 8ರಷ್ಟು ಸ್ನಾಯು ತಾನಾಗಿ ಕರಗುತ್ತದೆಂದು ಸಾಮಾನ್ಯ ಅಂದಾಜು. ಆರು ವಾರದ ಹಾಸಿಗೆ ಅದಕ್ಕೆ ಸೇರಿದರೆ, ಕಳೆದದ್ದನ್ನು ಯೌವನದ ವೇಗದಲ್ಲಿ ಮರಳಿ ಪಡೆಯಲಾಗುವುದಿಲ್ಲ. ನಾವು ಉಂಡ ಅನ್ನದ ಸಕ್ಕರೆಯ ಬಹುಪಾಲು ಸೇರುವುದು ಸ್ನಾಯುವಿನಲ್ಲೇ. ಮಧುಮೇಹ ಮನೆಮನೆಯಲ್ಲಿರುವ ನಮ್ಮವರಿಗೆ ಈ ಉಗ್ರಾಣ ಕುಗ್ಗುವುದು ಎರಡನೆಯ ಪೆಟ್ಟು. ಕುಸ್ತಿ ಬೇಡ, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಪಂಕ್ತಿಯಲ್ಲಿ ಕೂತು, ಊಟ ಮುಗಿಸಿ, ಯಾರ ಕೈಯನ್ನೂ ಹಿಡಿಯದೆ ಎದ್ದೇಳುವಷ್ಟು ಬಲ ಬೇಡವೇ? ನಮ್ಮ ಸಂಸ್ಕೃತಿಯಲ್ಲಿ ಚೇತರಿಕೆಯ ಅಳತೆಗೋಲು ಅದೇ ಆಗಬೇಕು.

ಕೊನೆಯದಾಗಿ ಒಂದು ಸಲಹೆ. ಮಾಟುಂಗದಿಂದ ಡೊಂಬಿವಲಿಯವರೆಗೆ, ಬೊರಿವಲಿಯಿಂದ ನವಿ ಮುಂಬಯಿಯವರೆಗೆ ನಮ್ಮ ಸಂಘಗಳಿಗೆ ಸಭಾಗೃಹಗಳಿವೆ. ಸಂಜೆ ಯಕ್ಷಗಾನ, ತಾಳಮದ್ದಳೆ, ವಿಚಾರಗೋಷ್ಠಿಗಳಿಗೆ ತುಂಬುವ ಅವು ವಾರದ ದಿನಗಳ ಬೆಳಿಗ್ಗೆ ಬಹುತೇಕ ಖಾಲಿ. ರಕ್ತದಾನ, ಕಣ್ಣಿನ ತಪಾಸಣೆ, ಸಕ್ಕರೆ ಪರೀಕ್ಷೆಯ ಶಿಬಿರಗಳನ್ನು ಶ್ರದ್ಧೆಯಿಂದ ನಡೆಸುವ ನಮ್ಮವರು ವಾರಕ್ಕೆ ಮೂರು ಬೆಳಗು, ತಲಾ ಒಂದು ತಾಸು, ಅರ್ಹ ಫಿಸಿಯೋಥೆರಪಿಸ್ಟ್ ಒಬ್ಬರ ಮೇಲ್ವಿಚಾರಣೆಯಲ್ಲಿ ಗಾಯದಿಂದ ಏಳುತ್ತಿರುವವರಿಗೆ ಬಾಗಿಲು ತೆರೆಯಲಿ. ಇನ್ನೂರೈವತ್ತು ಚದರಡಿಯ ಮನೆಯಲ್ಲಿ ಕಾಲು ಚಾಚಲು ಜಾಗವಿಲ್ಲದ ಹೋಟೆಲಿನ ಹುಡುಗ, ಸೊಂಟ ಮುರಿದ ಅಜ್ಜಿ, ಮಂಡಿ ಬದಲಿಸಿಕೊಂಡ ನಿವೃತ್ತ ಗುಮಾಸ್ತ, ಕೈಕಟ್ಟು ಬಿಚ್ಚಿದ ಗೃಹಿಣಿ ಒಂದೇ ಚಾಪೆಯ ಮೇಲೆ ಕೂಡಲಿ. ಬೇಕಾದದ್ದು ಹತ್ತು ಗಟ್ಟಿ ಕುರ್ಚಿ, ಕೆಲವು ರಬ್ಬರ್ ಪಟ್ಟಿ, ಗೋಡೆಗೊಂದು ಹಿಡಿಕಂಬಿ. ಅಜ್ಜಿಗೆ ಹೇಳಿದ ಸೂಚನೆ ಕನ್ನಡದಲ್ಲೋ ತುಳುವಿನಲ್ಲೋ ಇದ್ದರೆ ಅವಳು ಅದನ್ನು ಮನೆಯಲ್ಲೂ ಮಾಡುತ್ತಾಳೆ. ತನಗೆ ಅರೆಬರೆ ಅರ್ಥವಾಗುವ ಭಾಷೆಯಲ್ಲಿ ಹೇಳಿದ್ದನ್ನು ಆಸ್ಪತ್ರೆಯಲ್ಲೇ ಬಿಟ್ಟುಬರುತ್ತಾಳೆ. ಭಾಷೆಯನ್ನು ಉಳಿಸುವ ಕೆಲಸಕ್ಕೆಂದು ನಾವು ಕಟ್ಟಿಕೊಂಡ ಸಂಘಗಳಿಗೆ ಇದೂ ಭಾಷೆಯ ಕೆಲಸವೇ. ಮುಂದಿನ ಕಾರ್ಯಕಾರಿ ಸಮಿತಿಯ ಸಭೆಯಲ್ಲಿ ಯಾವುದಾದರೊಂದು ಸಂಘ ಈ ವಿಷಯವನ್ನು ಕಾರ್ಯಸೂಚಿಗೆ ಸೇರಿಸಿಕೊಂಡರೂ ಈ ಬರಹ ಸಾರ್ಥಕವಾದಂತೆ.